ಡಿಜಿಟಲ್ ಚಿತ್ರ ಬರೆಯಲು ಹೊರಟವರಿಗೆ ಮೊದಲು ಬೇಕಾದ ಸಲಕರಣೆಗಳು

ಮೈಸೂರಿನಲ್ಲಿ ಚಿತ್ರಕಲೆ ಕಲಿಯುವವರಿಗೆ ಸಲಕರಣೆಯ ಪ್ರಶ್ನೆ ಹೊಸದೇನಲ್ಲ. ಎಲ್ಲರೂ ಕಾವಾ ಎಂದೇ ಕರೆಯುವ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿಗೆ ಸೇರುವ ವಿದ್ಯಾರ್ಥಿಗೆ ಯಾವ ಕುಂಚ, ಯಾವ ಕಾಗದ, ಯಾವ ಬಣ್ಣ ಎಂದು ಹೇಳಿಕೊಡುವ ಹಿರಿಯರು ಇದ್ದೇ ಇರುತ್ತಾರೆ. ಅದೇ ವಿದ್ಯಾರ್ಥಿಯಾಗಲಿ, ಮಂಡ್ಯದ ಹಳ್ಳಿಯಲ್ಲಿ ಕುಳಿತು ಮೊಬೈಲಿನಲ್ಲೇ ಚಿತ್ರ ಬರೆಯಲು ತೊಡಗಿದ ಪಿಯುಸಿ ಹುಡುಗಿಯಾಗಲಿ, ಕಂಪ್ಯೂಟರಿನಲ್ಲಿ ಚಿತ್ರ ಬರೆಯಲು ಏನು ಕೊಳ್ಳಬೇಕೆಂದು ಕೇಳಿದರೆ ಉತ್ತರ ಸಿಗುವುದು ಬಹುಮಟ್ಟಿಗೆ ಜಾಹೀರಾತುಗಳಿಂದ. ಅಲ್ಲಿ ದೊಡ್ಡ ಅಂಕಿ ಇರುವ ವಸ್ತುವೇ ಒಳ್ಳೆಯ ವಸ್ತು. ನನ್ನ ಅಭಿಪ್ರಾಯದಲ್ಲಿ ಹೊಸಬರು ಮೊದಲು ಹಣ ಹಾಕಬೇಕಾದದ್ದು ಕೈ ತಾಗುವ ಸಲಕರಣೆಗೆ, ಅದರ ನಂತರ ಚಿತ್ರದ ಕಡತ ಕ್ಷೇಮವಾಗಿ ಉಳಿಯುವ ಜಾಗಕ್ಕೆ. ನಡುವಿನದ್ದೆಲ್ಲ ಸಾಧಾರಣ ಮಟ್ಟದ್ದಾಗಿದ್ದರೂ ಮೊದಲ ಒಂದೆರಡು ವರ್ಷ ಕೆಲಸ ನಡೆಯುತ್ತದೆ. ಈ ಮಾತಿಗೆ ಕಾರಣ ತಿಳಿಯಬೇಕಾದರೆ ಈ ಸಲಕರಣೆಗಳು ಒಳಗೆ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ತುಸು ನೋಡಬೇಕಾಗುತ್ತದೆ.

ಹಲಗೆ ಮತ್ತು ಪೆನ್ನು

ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್ ನೋಡಲು ಬರಿಯ ಕಪ್ಪು ಹಲಗೆ. ಅದನ್ನು ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಅದರ ಜೊತೆಗೆ ಬಂದ ಪೆನ್ನನ್ನು ಮೇಲೆ ಆಡಿಸಿದರೆ ಕಂಪ್ಯೂಟರಿನ ಪರದೆಯಲ್ಲಿ ಗೆರೆ ಮೂಡುತ್ತದೆ. ಹಲಗೆಯ ಮೇಲ್ಮೈಯ ಕೆಳಗೆ ಉದ್ದಕ್ಕೂ ಅಡ್ಡಕ್ಕೂ ತಂತಿಗಳ ಜಾಲವಿದ್ದು, ಅದು ಅತಿ ವೇಗವಾಗಿ ದಿಕ್ಕು ಬದಲಿಸುವ ದುರ್ಬಲ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ. ಪೆನ್ನಿನೊಳಗೆ ಒಂದು ಸಣ್ಣ ಸುರುಳಿಯೂ ಒಂದು ಕೆಪಾಸಿಟರೂ ಇರುತ್ತವೆ. ಪೆನ್ನು ಹಲಗೆಯ ಸಮೀಪಕ್ಕೆ ಬಂದೊಡನೆ ಆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಹಲಗೆಯು ತನ್ನ ಕ್ಷೇತ್ರವನ್ನು ಕ್ಷಣಕಾಲ ನಿಲ್ಲಿಸಿ, ಪೆನ್ನು ಮರಳಿ ಕಳುಹಿಸುವ ಸಂಕೇತವನ್ನು ಗ್ರಹಿಸುತ್ತದೆ. ಯಾವ ತಂತಿಗಳಲ್ಲಿ ಸಂಕೇತ ಬಲವಾಗಿದೆ ಎಂಬುದರಿಂದ ಪೆನ್ನು ಎಲ್ಲಿದೆ ಎಂದು ಗೊತ್ತಾಗುತ್ತದೆ. ನಿಬ್ಬನ್ನು ಒತ್ತಿದಾಗ ಪೆನ್ನಿನೊಳಗಿನ ಸುರುಳಿ, ಕೆಪಾಸಿಟರುಗಳ ವಿದ್ಯುತ್ ಮಂಡಲದ ಆವರ್ತನ (ಸಂಕೇತ ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬುದು) ತುಸು ಬದಲಾಗುತ್ತದೆ. ಎಷ್ಟು ಬದಲಾಯಿತು ಎಂಬುದೇ ಒತ್ತಡದ ಅಳತೆ. ಇದಕ್ಕೆ ವಿದ್ಯುತ್ಕಾಂತೀಯ ಅನುರಣನ ಎಂದು ಹೆಸರು. 1983ರಲ್ಲಿ ಜಪಾನಿನಲ್ಲಿ ಸ್ಥಾಪನೆಯಾದ ವಾಕಾಮ್ ಕಂಪನಿ ಈ ವಿಧಾನವನ್ನು ಚಿತ್ರಕಾರರ ಮೇಜಿಗೆ ತಂದಿತು. ಈಗ ಹ್ಯುಯಾನ್, ಎಕ್ಸ್‌ಪಿ-ಪೆನ್ ಮೊದಲಾದ ಚೀನೀ ಕಂಪನಿಗಳ ಪೆನ್ನುಗಳಿಗೂ ಬ್ಯಾಟರಿ ಬೇಕಾಗುವುದಿಲ್ಲ, ಸ್ಯಾಮ್‌ಸಂಗ್‌ನ ಎಸ್ ಪೆನ್ ಗೆರೆ ಎಳೆಯುವುದೂ ಇದೇ ತತ್ತ್ವದ ಮೇಲೆ. 2015ರಲ್ಲಿ ಐಪ್ಯಾಡ್ ಪ್ರೋ ಜೊತೆ ಬಂದ ಆಪಲ್ ಪೆನ್ಸಿಲ್ ಮಾತ್ರ ಬೇರೆ ಜಾತಿಯದು. ಅದರೊಳಗೆ ಬ್ಯಾಟರಿ ಇದ್ದು, ಅದು ತಾನೇ ಸಂಕೇತವನ್ನು ಹೊರಡಿಸುತ್ತದೆ.

ಇಷ್ಟು ವಿವರದಿಂದ ಕೊಳ್ಳುವವರಿಗೆ ಆಗುವ ಪ್ರಯೋಜನಗಳು ಎರಡು. ಒಂದು ಕಂಪನಿಯ ಪೆನ್ನು ಇನ್ನೊಂದು ಕಂಪನಿಯ ಹಲಗೆಗೆ ಸಾಮಾನ್ಯವಾಗಿ ಹೊಂದುವುದಿಲ್ಲ, ಆದ್ದರಿಂದ ಪೆನ್ನು ಕಳೆದುಹೋದರೆ ಅದೇ ಮಾದರಿಯದು ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಇನ್ನೊಂದು, ಕಾಂತಕ್ಷೇತ್ರದ ಕೆಲಸವಾದ್ದರಿಂದ ಹಲಗೆಯನ್ನು ಸ್ಟೀಲ್ ಮೇಜಿನ ಮೇಲಿಟ್ಟಾಗ, ಅಥವಾ ಅದರ ಪಕ್ಕದಲ್ಲೇ ಮೊಬೈಲ್ ಚಾರ್ಜರ್ ಇದ್ದಾಗ ಗೆರೆ ನಡುಗಬಹುದು. ಪೆನ್ನು ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮುಂಚೆ ಹಲಗೆಯನ್ನು ಮರದ ಮೇಜಿಗೆ ವರ್ಗಾಯಿಸಿ ನೋಡುವುದು ಒಳ್ಳೆಯದು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಒತ್ತಡದ ಮಟ್ಟಗಳ ಅಂಕಿ: 2048, 4096, 8192, ಈಚೆಗೆ 16384. ಹೊಸಬರು ಅತಿ ಹೆಚ್ಚು ಮರುಳಾಗುವುದು ಇದಕ್ಕೇ, ಅತಿ ಕಡಿಮೆ ಲೆಕ್ಕಕ್ಕೆ ಬರುವುದೂ ಇದೇ. ಸಾಮಾನ್ಯವಾಗಿ ನಾವು ಬಳಸುವ 8 ಬಿಟ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಇರುವ ಹಂತಗಳು 256 ಮಾತ್ರ. ಒತ್ತಡದಿಂದ ಬಣ್ಣದ ಸಾಂದ್ರತೆ ಬದಲಾಗುವಂತೆ ಕುಂಚವನ್ನು ಹೊಂದಿಸಿಕೊಂಡರೆ, ಪೆನ್ನು ಎಂಟು ಸಾವಿರ ಮಟ್ಟಗಳನ್ನು ಗುರುತಿಸಿದರೂ ಕೊನೆಗೆ ಪಿಕ್ಸೆಲ್ಲಿನಲ್ಲಿ, ಅಂದರೆ ಚಿತ್ರದ ಒಂದು ಚುಕ್ಕೆಯಲ್ಲಿ, ಉಳಿಯುವುದು ಈ 256ರಲ್ಲಿ ಒಂದು ಬೆಲೆ. ಕುಂಚದ ಅಗಲದ ವಿಷಯವೂ ಹಾಗೆಯೇ. 40 ಪಿಕ್ಸೆಲ್ ಅಗಲದ ಗೆರೆಯಲ್ಲಿ ಎಂಟು ಸಾವಿರ ವ್ಯತ್ಯಾಸಗಳನ್ನು ಕಾಣುವ ಕಣ್ಣು ಯಾರಿಗೂ ಇಲ್ಲ.

ನಿಜವಾಗಿ ನೋಡಬೇಕಾದದ್ದು ಗೆರೆ ಹುಟ್ಟಲು ಬೇಕಾದ ಕನಿಷ್ಠ ಒತ್ತಡವನ್ನು. ಮೈಸೂರು ಶೈಲಿಯ ಚಿತ್ರದಲ್ಲಿ ದೇವಿಯ ಸೆರಗಿನ ಅಂಚನ್ನು ಗಮನಿಸಿದರೆ, ಗೆರೆಯು ಕೂದಲೆಳೆಯಷ್ಟು ಸಣ್ಣಗೆ ಆರಂಭವಾಗಿ, ಭುಜದ ತಿರುವಿನಲ್ಲಿ ತುಸು ತುಂಬಿಕೊಂಡು, ಮತ್ತೆ ತೆಳುವಾಗುತ್ತಾ ಮುಗಿಯುವುದು ಕಾಣುತ್ತದೆ. ಇಂಥ ಗೆರೆಯನ್ನು ಎಳೆಯುವಾಗ ಕಡಿಮೆ ದರ್ಜೆಯ ಪೆನ್ನಾದರೆ ಮೊದಲ ಸ್ಪರ್ಶವನ್ನು ಗುರುತಿಸುವುದೇ ಇಲ್ಲ. ಕೈ ಇನ್ನಷ್ಟು ಒತ್ತುತ್ತದೆ, ಆಗ ಗೆರೆ ಇದ್ದಕ್ಕಿದ್ದಂತೆ ದಪ್ಪನಾಗಿ ಹುಟ್ಟಿ, ಆರಂಭದಲ್ಲೇ ಒಂದು ಚುಕ್ಕೆ ಉಳಿಯುತ್ತದೆ. ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಪರಿಚಯಿಸುವ ಡ್ರೈವರ್ ಎಂಬ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ಒತ್ತಡದ ವಕ್ರರೇಖೆ ಎಂಬ ಒಂದು ನಕ್ಷೆ ಇರುತ್ತದೆ, ಅದನ್ನು ಮೃದುವಿನ ಕಡೆಗೆ ಎಳೆದರೆ ಈ ತೊಂದರೆ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಪೆನ್ನು ಗುರುತಿಸದೇ ಬಿಟ್ಟ ಸ್ಪರ್ಶವನ್ನು ಯಾವ ಸೆಟ್ಟಿಂಗೂ ಮರಳಿ ತರಲಾರದು.

ಅಳತೆಯ ವಿಷಯಕ್ಕೆ ಬಂದರೆ, ಸಣ್ಣ ಹಲಗೆಯ ಬಳಕೆಯ ಜಾಗ ಸುಮಾರು 6 ಇಂಚು ಅಗಲ, 4 ಇಂಚು ಎತ್ತರ. ಮಧ್ಯಮ ಗಾತ್ರದ್ದು ಸುಮಾರು 10 ಇಂಚು ಅಗಲ, 6 ಇಂಚು ಎತ್ತರ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಬರೆಯುವವರಿಗೆ ಸಣ್ಣದು ಸಾಕು. ಮಣಿಕಟ್ಟಿಗಿಂತ ಇಡೀ ತೋಳನ್ನು ಆಡಿಸಿ ಬರೆಯುವ ಅಭ್ಯಾಸ ಇರುವವರು, ಅಂದರೆ ದೊಡ್ಡ ಕಾಗದದಲ್ಲಿ ಕಲಿತು ಬಂದವರು, ಮಧ್ಯಮ ಗಾತ್ರದ್ದನ್ನೇ ಕೊಳ್ಳುವುದು ಲೇಸು. ಇದಕ್ಕಿಂತ ಮುಖ್ಯವಾದದ್ದು ಉದ್ದಗಲಗಳ ಪ್ರಮಾಣ. ಪರದೆ 16:9 ಆಗಿದ್ದು ಹಲಗೆ 4:3 ಆಗಿದ್ದರೆ, ಕೈ ಎಳೆದ ವೃತ್ತ ಪರದೆಯಲ್ಲಿ ಮೊಟ್ಟೆಯಾಕಾರ ತಾಳುತ್ತದೆ, ಕಲಿಯುವವರು ತಮ್ಮ ಕೈಯನ್ನೇ ದೂರುತ್ತಾರೆ. ಪ್ರಮಾಣವನ್ನು ಕಾಯ್ದುಕೊಳ್ಳುವ ಆಯ್ಕೆ ಡ್ರೈವರಿನಲ್ಲೇ ಇರುತ್ತದೆ. ಹಲಗೆಯ ಒಂದು ಅಂಚು ವ್ಯರ್ಥವಾದರೂ ಅದನ್ನು ಆನ್ ಮಾಡಿಯೇ ಬರೆಯಬೇಕು.

ಪರದೆಯಿರುವ ಟ್ಯಾಬ್ಲೆಟ್, ಅಂದರೆ ನಿಬ್ಬಿನ ಕೆಳಗೇ ಗೆರೆ ಕಾಣುವಂಥದ್ದು, ಮೊದಲ ದಿನವೇ ಮನಸ್ಸಿಗೆ ಹಿಡಿಸುತ್ತದೆ. ಆದರೂ ಮನೆಯಲ್ಲಿ ಈಗಾಗಲೇ ಒಂದು ಕಂಪ್ಯೂಟರ್ ಇದ್ದರೆ ಕೆಲವೇ ಸಾವಿರ ರೂಪಾಯಿಗೆ ಸಿಗುವ ಪರದೆಯಿಲ್ಲದ ಹಲಗೆಯಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಎಂಬ ಗೊಂದಲ ಕೆಲವು ವಾರಗಳಲ್ಲಿ ಕಳೆಯುತ್ತದೆ. ಹಾರ್ಮೋನಿಯಂ ನುಡಿಸುವವರು ಮನೆಗಳನ್ನು ನೋಡದೆಯೇ ಬೆರಳಿಡುವಂತೆ ಕೈ ತನ್ನ ಜಾಗವನ್ನು ಕಲಿತುಬಿಡುತ್ತದೆ. ಬೆನ್ನು ಬಗ್ಗಿಸಿ ಕೂರಬೇಕಾದ ಪ್ರಮೇಯವೂ ಇರುವುದಿಲ್ಲ. ಮನೆಯಲ್ಲಿ ಕಂಪ್ಯೂಟರೇ ಇಲ್ಲದವರಿಗೆ ಲೆಕ್ಕ ಬೇರೆ. ಅವರು ಲ್ಯಾಪ್‌ಟಾಪ್ ಮತ್ತು ಹಲಗೆ ಎರಡನ್ನೂ ಕೊಳ್ಳುವ ಬದಲು, ತನ್ನದೇ ಒತ್ತಡ ತಿಳಿಯುವ ಪೆನ್ನಿನೊಂದಿಗೆ ಬರುವ ಟ್ಯಾಬ್ ಒಂದನ್ನು ಕೊಳ್ಳುವುದು ಸುಲಭ. ಅನೇಕ ಪೆನ್ ಟ್ಯಾಬ್ಲೆಟ್‌ಗಳನ್ನು ಓಟಿಜಿ ಕನೆಕ್ಟರ್ ಮೂಲಕ ಆಂಡ್ರಾಯ್ಡ್ ಮೊಬೈಲಿಗೂ ಜೋಡಿಸಬಹುದು, ಐಬಿಸ್ ಪೇಂಟ್‌ನಂಥ ಆ್ಯಪ್‌ನಲ್ಲಿ ಬರೆಯಬಹುದು. ಆದರೆ ಮೊಬೈಲನ್ನು ನಿಲ್ಲಿಸಿ ಹಿಡಿದಾಗ ಹಲಗೆಯ ಒಂದು ಪಟ್ಟಿಯಷ್ಟೇ ಜಾಗ ಕೆಲಸಕ್ಕೆ ಬರುತ್ತದೆ. ತುದಿಗೆ ರಬ್ಬರ್ ಇರುವ ಅಗ್ಗದ ಸ್ಟೈಲಸ್ ಬೆರಳಿನ ಕೆಲಸವನ್ನಷ್ಟೇ ಮಾಡುತ್ತದೆ, ಒತ್ತಡ ಅದಕ್ಕೆ ತಿಳಿಯದು. ಅದಕ್ಕೆ ಹಣ ಹಾಕಬೇಡಿ.

ಕಂಪ್ಯೂಟರ್ ಎಷ್ಟು ದೊಡ್ಡದಿರಬೇಕು

ಇದನ್ನು ಊಹೆಗೆ ಬಿಡದೆ ಲೆಕ್ಕ ಹಾಕಿಯೇ ತಿಳಿಯಬಹುದು. ಎ4 ಹಾಳೆಯನ್ನು ಮುದ್ರಣಕ್ಕೆ ಬೇಕಾದ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಗಳಂತೆ, ತೆರೆದರೆ ಅದು 2480 ಪಿಕ್ಸೆಲ್ ಅಗಲ, 3508 ಪಿಕ್ಸೆಲ್ ಎತ್ತರ, ಅಂದರೆ ಸುಮಾರು 87 ಲಕ್ಷ ಪಿಕ್ಸೆಲ್. ಒಂದೊಂದು ಪಿಕ್ಸೆಲ್ಲಿಗೂ ಮೂರು ಬಣ್ಣಗಳಿಗೆ ಮೂರು ಬೈಟ್, ಪಾರದರ್ಶಕತೆಗೆ ಒಂದು ಬೈಟ್ ಸೇರಿ ನಾಲ್ಕು ಬೈಟ್ ಬೇಕು. ಹೀಗೆ ತುಂಬಿದ ಒಂದು ಲೇಯರಿಗೆ (ಚಿತ್ರದಲ್ಲಿ ಒಂದರ ಮೇಲೊಂದು ಇಡುವ ಪಾರದರ್ಶಕ ಪದರಗಳಲ್ಲಿ ಒಂದಕ್ಕೆ) ಸುಮಾರು 35 ಎಂಬಿ, ಇಪ್ಪತ್ತು ಲೇಯರಿಗೆ 700 ಎಂಬಿ ಮೆಮೊರಿ ಆಗುತ್ತದೆ. ಹಿಂದಿನ ಹಂತಗಳಿಗೆ ಮರಳಲು ಸಾಫ್ಟ್‌ವೇರ್ ನೆನಪಿಟ್ಟುಕೊಳ್ಳುವ ಭಾಗ ಇದರ ಮೇಲೆ. ವಿಂಡೋಸ್ ತಾನೂ ಒಂದಷ್ಟು ಮೆಮೊರಿಯನ್ನು ಹಿಡಿದುಕೊಳ್ಳುವುದರಿಂದ 8 ಜಿಬಿ ರ್‍ಯಾಮ್ ಇದ್ದರೆ ಎ4 ಚಿತ್ರ ನೆಮ್ಮದಿಯಿಂದ ನಡೆಯುತ್ತದೆ, 16 ಜಿಬಿ ಇದ್ದರೆ ಚಿಂತೆಯೇ ಇರದು.

ತೊಂದರೆ ಬರುವುದು ದಸರೆಗೋ ಗಣೇಶನ ಹಬ್ಬಕ್ಕೋ ಯಾರಾದರೂ ದೊಡ್ಡ ಫ್ಲೆಕ್ಸಿನ ಚಿತ್ರ ಮಾಡಿಕೊಡಿ ಎಂದು ಕೇಳಿದಾಗ. ಹತ್ತು ಅಡಿ ಅಗಲ, ಆರು ಅಡಿ ಎತ್ತರದ ಫ್ಲೆಕ್ಸನ್ನು 300 ಡಿಪಿಐನಲ್ಲೇ ಮಾಡಲು ಹೊರಟರೆ ಅದು 36000 ಪಿಕ್ಸೆಲ್ ಅಗಲ, 21600 ಪಿಕ್ಸೆಲ್ ಎತ್ತರವಾಗಿ, ಒಂದು ಲೇಯರಿಗೇ 3 ಜಿಬಿಗಿಂತ ಹೆಚ್ಚು ಬೇಕಾಗುತ್ತದೆ. ಸಾಧಾರಣ ಲ್ಯಾಪ್‌ಟಾಪ್ ಅಲ್ಲಿಗೇ ಕೈಚೆಲ್ಲುತ್ತದೆ. ಆದರೆ ಫ್ಲೆಕ್ಸನ್ನು ಜನ ರಸ್ತೆಯ ಆಚೆಯಿಂದ ನೋಡುತ್ತಾರೆ, ಅದಕ್ಕೆ 72 ಡಿಪಿಐ ಧಾರಾಳವಾಯಿತು. ಆಗ ಅದೇ ಲೇಯರ್ ಸುಮಾರು 180 ಎಂಬಿಗೆ ಇಳಿಯುತ್ತದೆ. ಯಂತ್ರವನ್ನು ಬದಲಾಯಿಸುವ ಮೊದಲು ಹಾಳೆಯ ಅಳತೆಯನ್ನು ಪರಿಶೀಲಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರುತ್ತಿಲ್ಲ. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಇದ್ದರೆ ಕಡತಗಳು ಬೇಗ ತೆರೆಯುತ್ತವೆ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಸಮತಲ ಚಿತ್ರಕ್ಕೆ ಅಗತ್ಯವಿಲ್ಲ, ಮುಂದೆ ಬ್ಲೆಂಡರ್‌ನಲ್ಲಿ ಮೂರು ಆಯಾಮದ ಕೆಲಸಕ್ಕೆ ಇಳಿಯುವವರು ಆಗ ಯೋಚಿಸಬಹುದು.

ಪರದೆಯ ಬಣ್ಣ ಮಾತ್ರ ಇಂಥ ಲೆಕ್ಕಕ್ಕೆ ಸಿಗುವುದಿಲ್ಲ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳ ವಿವರದಲ್ಲಿ ಶೇ 45 ಎನ್‌ಟಿಎಸ್‌ಸಿ ಎಂದು ಬರೆದಿರುತ್ತದೆ, ಇದು ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಎಂಬುದರ ಒಂದು ಅಳತೆ. ಅಂಥ ಪರದೆ ಇಂಟರ್‌ನೆಟ್‌ನಲ್ಲಿ ರೂಢಿಯಲ್ಲಿರುವ ಎಸ್‌ಆರ್‌ಜಿಬಿ ಬಣ್ಣಗಳ ಮೂರನೇ ಎರಡು ಭಾಗದಷ್ಟನ್ನೂ ತೋರಿಸಲಾರದು. ಅದರಲ್ಲಿ ಕುಂಕುಮದ ಕೆಂಪು ಇಟ್ಟಿಗೆಯ ಕೆಂಪಾಗಿ ಕಾಣುತ್ತದೆ, ಬರೆಯುವವರು ಇನ್ನಷ್ಟು ಕೆಂಪು ಸುರಿಯುತ್ತಾರೆ, ಅದೇ ಚಿತ್ರ ಸ್ನೇಹಿತರ ಮೊಬೈಲಿನಲ್ಲಿ ಕಣ್ಣಿಗೆ ರಾಚುತ್ತದೆ. ಹೊಸ ಲ್ಯಾಪ್‌ಟಾಪ್ ಅಥವಾ ಮಾನಿಟರ್ ಕೊಳ್ಳುವವರು ಐಪಿಎಸ್ ಪರದೆ (ಓರೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಬಗೆ), ಎಸ್‌ಆರ್‌ಜಿಬಿ ಶೇ 100ರ ಹತ್ತಿರ ಎಂಬ ಎರಡು ವಿವರಗಳನ್ನು ಹುಡುಕಬೇಕು. ಇರುವುದರಲ್ಲೇ ನಡೆಸುವವರು ರಾತ್ರಿಯ ಹಳದಿ ಬೆಳಕಿನ ಸೆಟ್ಟಿಂಗನ್ನು ಆಫ್ ಮಾಡಿ, ಚಿತ್ರವನ್ನು ಆಗಾಗ ಒಂದೆರಡು ಮೊಬೈಲುಗಳಲ್ಲಿ ತೆರೆದು ನೋಡುತ್ತಿದ್ದರೆ ಸಾಕು. ಮುದ್ರಣದ ಮಾತು ಬೇರೆ. ಪರದೆಯ ಹೊಳೆಯುವ ಹಸಿರು, ನೀಲಿಗಳನ್ನು ಪ್ರೆಸ್ಸಿನ ನಾಲ್ಕು ಶಾಯಿಗಳು ತರಲಾರವು, ಆದ್ದರಿಂದ ಪ್ರತಿಗಳನ್ನು ಹೊಡೆಸುವ ಮೊದಲು ಒಂದು ಮಾದರಿ ಪ್ರಿಂಟ್ ಕೇಳಿ ನೋಡಬೇಕು.

ಸಾಫ್ಟ್‌ವೇರ್, ಮತ್ತು ಕನ್ನಡದ ಒಂದು ತೊಡಕು

ಸಾಫ್ಟ್‌ವೇರಿಗೆ ಹೊಸಬರು ಹಣ ಕೊಡಬೇಕಾಗಿಲ್ಲ. ಚಿತ್ರ ಬರೆಯಲೆಂದೇ ರೂಪಿಸಿದ ಕ್ರಿಟಾ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಉಚಿತವಾಗಿ ದೊರೆಯುತ್ತದೆ. ಲೋಗೋ, ಅಕ್ಷರವಿನ್ಯಾಸಗಳಂಥ ವೆಕ್ಟರ್ ಕೆಲಸಕ್ಕೆ, ಅಂದರೆ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ಚಿತ್ರಕ್ಕೆ, ಇಂಕ್‌ಸ್ಕೇಪ್ ಇದೆ, ಅದೂ ಉಚಿತ. ಐಪ್ಯಾಡ್ ಇರುವವರು ಪ್ರೊಕ್ರಿಯೇಟ್‌ಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಫೋಟೋಶಾಪ್‌ಗೆ ಚಂದಾ ಕಟ್ಟುತ್ತಲೇ ಇರಬೇಕು.

ಚಿತ್ರದಲ್ಲಿ ಕನ್ನಡ ಅಕ್ಷರ ಸೇರಿಸುವವರು ಗಮನಿಸಬೇಕಾದ ಸಂಗತಿಯೊಂದಿದೆ. ಸಾಫ್ಟ್‌ವೇರ್ ಭಾರತೀಯ ಲಿಪಿಗಳ ಜೋಡಣೆಯನ್ನು ಅರಿಯದಿದ್ದರೆ ಮಂಡ್ಯ ಎಂದು ಟೈಪ್ ಮಾಡಿದಾಗ ಡಕಾರಕ್ಕೆ ಸೇರಬೇಕಾದ ಯಕಾರದ ಒತ್ತು ಒಡೆದು ಪ್ರತ್ಯೇಕ ಅಕ್ಷರವಾಗಿ ಪಕ್ಕದಲ್ಲಿ ನಿಲ್ಲುತ್ತದೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ವರ್ಲ್ಡ್ ರೆಡಿ ಲೇಔಟ್ ಎಂಬ ಆಯ್ಕೆಯನ್ನು ಒತ್ತಿದರೆ ಇದು ಸರಿಹೋಗುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ಮೊದಲೇ ಸರಿಯಾಗಿ ಬರುತ್ತದೆ. ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುತ್ತದೆಂಬ ಭರವಸೆಯಿಲ್ಲ, ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲೇ ಇನ್ನೂ ಕೆಲಸ ಮಾಡುವವರೂ ಇದ್ದಾರೆ. ಹೀಗಾಗಿ ಅಕ್ಷರಗಳನ್ನು ಪಾತ್ ಆಗಿ, ಅಂದರೆ ಫಾಂಟ್ ಬೇಡದ ಬರಿಯ ಆಕಾರಗಳಾಗಿ, ಪರಿವರ್ತಿಸಿದ ಪಿಡಿಎಫ್ ಕೊಡುವುದು ಕ್ಷೇಮ. ತಿದ್ದಲು ಬರುವ ಮೂಲ ಕಡತವನ್ನು ತಮ್ಮ ಬಳಿ ಬೇರೆಯಾಗಿ ಇಟ್ಟುಕೊಂಡಿರಬೇಕು.

ಮೇಜಿನ ಮೇಲಿನ ಸಣ್ಣಪುಟ್ಟ ವಸ್ತುಗಳು

ಬೆಲೆಯಲ್ಲಿ ಸಣ್ಣವಾದರೂ ದಿನವೂ ಕೈಗೆ ಬರುವುದು ಇವೇ. ಕಿರುಬೆರಳು ಮತ್ತು ಉಂಗುರದ ಬೆರಳನ್ನಷ್ಟೇ ಮುಚ್ಚುವ ಗ್ಲೌಸ್ ಒಂದನ್ನು ತೊಟ್ಟರೆ ಬೆವರಿದ ಅಂಗೈ ಹಲಗೆಗೆ ಅಂಟುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಮಂಡ್ಯದ ಸೆಕೆಯಲ್ಲಿ ಕುಳಿತು ಬರೆದವರಿಗೆ ಇದರ ಬೆಲೆ ಗೊತ್ತು. ಪೆನ್ನಿನ ನಿಬ್ಬು ಪ್ಲಾಸ್ಟಿಕ್ಕಿನದು, ಅದು ಸವೆಯುತ್ತದೆ. ಒರಟಾದ ಹಲಗೆಯ ಮೇಲೆ ಗಟ್ಟಿಯಾಗಿ ಒತ್ತಿ ಬರೆಯುವವರ ನಿಬ್ಬು ಒಂದು ಪಕ್ಕ ಉಳಿಯಿಂದ ಕೆತ್ತಿದಂತೆ ಚಪ್ಪಟೆಯಾಗಿ, ಅದರ ಚೂಪಾದ ಅಂಚು ಹಲಗೆಯನ್ನು ಗೀರಲು ತೊಡಗುತ್ತದೆ. ಬೆರಳಿನಿಂದ ಮುಟ್ಟಿದಾಗ ಅಂಚು ತಿಳಿದರೆ ನಿಬ್ಬನ್ನು ಬದಲಾಯಿಸುವ ಕಾಲ ಬಂತೆಂದು ಅರ್ಥ. ಹಳೆಯದನ್ನು ಎಳೆದು ತೆಗೆಯುವ ಪುಟ್ಟ ಉಂಗುರ ಪೆಟ್ಟಿಗೆಯಲ್ಲೇ ಇರುತ್ತದೆ, ಅದನ್ನು ಎಸೆಯಬಾರದು. ಎಡಗೈಗೆ ಕೀಬೋರ್ಡ್ ಬೇಕು. ಒಂದು ಹಂತ ಹಿಂದಕ್ಕೆ ಹೋಗಲು, ಕುಂಚವನ್ನು ಹಿಗ್ಗಿಸಿ ಕುಗ್ಗಿಸಲು, ಹಾಳೆಯನ್ನು ತಿರುಗಿಸಲು ಎಡಗೈ ಕಲಿತರೆ ಬಲಗೈ ಬರೆಯುವುದನ್ನು ನಿಲ್ಲಿಸಬೇಕಾಗಿಲ್ಲ. ಇದಕ್ಕಾಗಿಯೇ ಮಾರುವ ಗುಂಡಿಗಳ ರಿಮೋಟು ಸದ್ಯಕ್ಕೆ ಬೇಡ.

ಕುರ್ಚಿ, ಮೇಜುಗಳನ್ನು ಸಲಕರಣೆಯ ಪಟ್ಟಿಗೆ ಯಾರೂ ಸೇರಿಸುವುದಿಲ್ಲ. ಮೊಣಕೈ ಮೇಜಿನ ಮಟ್ಟದಲ್ಲಿರಬೇಕು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು, ಕಿಟಕಿ ಬೆನ್ನ ಹಿಂದೆ ಇರದೆ ಪಕ್ಕದಲ್ಲಿರಬೇಕು. ಲ್ಯಾಪ್‌ಟಾಪಿನ ಕೆಳಗೆ ಎರಡು ದಪ್ಪ ಪುಸ್ತಕಗಳನ್ನಿಟ್ಟರೂ ಆಯಿತು, ಆಗ ಬೇರೆ ಕೀಬೋರ್ಡ್ ಒಂದು ಬೇಕಾಗುತ್ತದೆ ಅಷ್ಟೆ.

ಕಾಗದದ ಸ್ಕೆಚ್ ಪುಸ್ತಕವನ್ನು ನಾನು ಡಿಜಿಟಲ್ ಸಲಕರಣೆಯೆಂದೇ ಎಣಿಸುತ್ತೇನೆ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಾಗಲಿ, ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲಾಗಲಿ ಲ್ಯಾಪ್‌ಟಾಪ್ ಬಿಚ್ಚಿ ಕೂರಲಾಗದು. ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಬಂದು ಮನೆಯಲ್ಲಿ ಬಣ್ಣ ತುಂಬಬಹುದು. ಸ್ಕ್ಯಾನರ್ ಇಲ್ಲದಿದ್ದರೆ, ಬಿಸಿಲು ನೇರವಾಗಿ ಬೀಳದ ಬಾಗಿಲ ಬಳಿ ಹಾಳೆಯನ್ನು ನೆಲದ ಮೇಲಿಟ್ಟು, ಮೊಬೈಲನ್ನು ಹಾಳೆಗೆ ಸಮಾನಾಂತರವಾಗಿ ತುಸು ಎತ್ತರದಲ್ಲಿ ಹಿಡಿದು ಫೋಟೋ ತೆಗೆಯಬೇಕು. ತೀರ ಹತ್ತಿರ ಹಿಡಿದರೆ ಅಂಚುಗಳು ಬಾಗುತ್ತವೆ. ಫೋಟೋವನ್ನು ಕ್ರಿಟಾದಲ್ಲಿ ತೆರೆದು, ಲೆವೆಲ್ಸ್ ಸೆಟ್ಟಿಂಗಿನಿಂದ ಕಾಗದದ ಬೂದು ಬಣ್ಣವನ್ನು ಬಿಳಿಯಾಗಿಸಿ, ಆ ಲೇಯರನ್ನು ಮಲ್ಟಿಪ್ಲೈ ವಿಧಾನಕ್ಕೆ ಬದಲಾಯಿಸಿದರೆ ಬಿಳಿ ಮಾಯವಾಗಿ ಪೆನ್ಸಿಲ್ ಗೆರೆ ಮಾತ್ರ ಉಳಿಯುತ್ತದೆ. ಕೆಳಗೆ ಹೊಸ ಲೇಯರ್ ತೆಗೆದುಕೊಂಡು ಬಣ್ಣ ಹಚ್ಚಬಹುದು.

ಕರೆಂಟ್ ಮತ್ತು ಕಡತ

ಲ್ಯಾಪ್‌ಟಾಪ್ ಬಳಸುವವರನ್ನು ಅದರ ಬ್ಯಾಟರಿಯೇ ಕಾಯುತ್ತದೆ. ಡೆಸ್ಕ್‌ಟಾಪ್ ಇರುವ ಮನೆಯಲ್ಲಿ ಮಳೆಗಾಲದ ಸಂಜೆ ಕರೆಂಟ್ ಹೋದರೆ ಉಳಿಸದ ಗೆರೆಗಳೆಲ್ಲ ಹೋದಂತೆಯೇ, ಆದ್ದರಿಂದ ಒಂದು ಸಣ್ಣ ಯುಪಿಎಸ್ ಟ್ಯಾಬ್ಲೆಟ್ಟಿನಷ್ಟೇ ಅಗತ್ಯದ ವಸ್ತು. ಕ್ರಿಟಾ ನಿಗದಿತ ಸಮಯಕ್ಕೊಮ್ಮೆ ತಾನೇ ಪ್ರತಿಯನ್ನು ಉಳಿಸಿಕೊಳ್ಳುತ್ತದೆ, ಆ ಅಂತರವನ್ನು ಸೆಟ್ಟಿಂಗಿನಲ್ಲಿ ಕಡಿಮೆ ಮಾಡಿಕೊಳ್ಳಬಹುದು. ಕಂಟ್ರೋಲ್, ಆಲ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಹಳೆಯ ಕಡತವನ್ನು ಮುಟ್ಟದೆ ಹೊಸ ಸಂಖ್ಯೆಯ ಇನ್ನೊಂದು ಕಡತವನ್ನು ಮಾಡುತ್ತದೆ. ಕೆಟ್ಟ ಬಣ್ಣ ಹಚ್ಚಿ ಮರುದಿನ ಪಶ್ಚಾತ್ತಾಪ ಪಡುವವರಿಗೆ ಇದು ವರ. ಕಡತಗಳ ಕ್ಷೇಮಕ್ಕೆ ಕಂಪ್ಯೂಟರ್ ಬಲ್ಲವರು ಪಾಲಿಸುವ ಕ್ರಮ ಹೀಗಿದೆ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಮನೆಯಿಂದ ಹೊರಗೆ. ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಆನ್‌ಲೈನ್ ಡ್ರೈವಿನಲ್ಲಿ ಒಂದು ಇದ್ದರೆ ಆಯಿತು. ಪೆನ್ ಡ್ರೈವ್ ಪ್ರೆಸ್ಸಿಗೆ ಕೊಂಡೊಯ್ಯಲು ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವನ್ನು ಫೋಟೋ ಆಗಿ ಕಳುಹಿಸಿದರೆ ಅದರ ಗಾತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಇದ್ದ ಹಾಗೆಯೇ ತಲುಪುತ್ತದೆ.

ಅಂಗಡಿಯಲ್ಲಿ

ಮೈಸೂರಿನ ಅಂಗಡಿಯಲ್ಲಿ ಕೊಂಡರೂ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ, ಆನ್‌ಲೈನ್‌ನಲ್ಲಿ ತರಿಸಿಕೊಂಡರೂ ಹಿಂತಿರುಗಿಸುವ ಅವಧಿಯೊಳಗೆ ಪರೀಕ್ಷೆ ಮುಗಿಸಿಕೊಳ್ಳಬೇಕು. ಮೊದಲು ಹಳೆಯ ಟ್ಯಾಬ್ಲೆಟ್ಟಿನ ಡ್ರೈವರ್ ಇದ್ದರೆ ಅದನ್ನು ಅಳಿಸಿ, ಹೊಸದನ್ನು ಕಂಪನಿಯ ಜಾಲತಾಣದಿಂದಲೇ ಹಾಕಿಕೊಳ್ಳಬೇಕು. ಎರಡು ಡ್ರೈವರುಗಳು ಒಟ್ಟಿಗಿದ್ದರೆ ಒತ್ತಡ ಕೆಲಸ ಮಾಡದೇ ಹೋಗುವುದು ಸಾಮಾನ್ಯ. ಆಮೇಲೆ ಪ್ಲಾಸ್ಟಿಕ್ ಸ್ಕೇಲೊಂದನ್ನು ಹಲಗೆಯ ಮೇಲೆ ಓರೆಯಾಗಿಟ್ಟು, ಕ್ರಿಟಾದಲ್ಲಿ ಗೆರೆಯನ್ನು ನಯಗೊಳಿಸುವ ಆಯ್ಕೆಯನ್ನು ತೆಗೆದುಹಾಕಿ, ಸ್ಕೇಲಿನ ಅಂಚಿಗೆ ಪೆನ್ನನ್ನು ತಾಗಿಸಿಕೊಂಡು ಬಹು ನಿಧಾನವಾಗಿ ಎಳೆಯಬೇಕು. ಸ್ಕೇಲ್ ನೇರವಿದ್ದೂ ಗೆರೆ ಅಲೆಅಲೆಯಾಗಿ ಬಂದರೆ ದೋಷ ಹಲಗೆಯದು. ನಾಲ್ಕು ಮೂಲೆಗಳಲ್ಲೂ ಒಂದೊಂದು ಚುಕ್ಕೆಯಿಟ್ಟು ಅದು ಸರಿಯಾದ ಜಾಗದಲ್ಲಿ ಬೀಳುತ್ತದೆಯೇ ನೋಡಬೇಕು. ಇಷ್ಟಾದ ಮೇಲೆ ಕೇಬಲ್ ಸಿಕ್ಕಿಸುವ ಜಾಗವನ್ನು ಮೆಲ್ಲಗೆ ಅಲುಗಾಡಿಸಿ ಸಂಪರ್ಕ ತಪ್ಪುತ್ತದೆಯೇ ಎಂದು ಪರೀಕ್ಷಿಸಬೇಕು. ಬಳಸಿದ ಹಲಗೆಯನ್ನು ಕೊಳ್ಳುವವರು ಈ ಕೊನೆಯ ಪರೀಕ್ಷೆಯನ್ನೇ ಮೊದಲು ಮಾಡುವುದು ಒಳ್ಳೆಯದು. ಕೇಬಲ್ ಬಿಡಿಯಾಗಿರುವ ಮಾದರಿಯಾದರೆ ಹೊಸ ಕೇಬಲ್ಲಿನಿಂದ ರಿಪೇರಿ ಮುಗಿಯಬಹುದು, ಹಲಗೆಯೊಳಗಿನ ಪೋರ್ಟೇ ಸಡಿಲವಾಗಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡವೆನ್ನಬೇಕು.